ಲ್ಯಾಟಿನಾ ಮಹಿಳೆಯರ ವಿಶ್ವಾಸ ಮತ್ತು ಹೋರಾಟ: ಮಂಜೇಶ್ವರದ ಒಂದು ಅಧ್ಯಯನ ತರಗತಿಯ ವಿಮರ್ಶೆ

ಮಂಜೇಶ್ವರದ ಒಂದು ಕ್ರೈಸ್ತ ಧರ್ಮಕೇಂದ್ರದ ಸಭಾಭವನದಲ್ಲಿ ಈ ಮಳೆಗಾಲದ ಭಾನುವಾರಗಳಂದು ಸಂಜೆ ನಡೆದ ಅಧ್ಯಯನ ತರಗತಿಯ ವಿಷಯ ನಮ್ಮ ಕಡೆಗೆ ಹೊಸದು. ಲ್ಯಾಟಿನಾ ಮಹಿಳೆಯರು, ಅಂದರೆ ಮೆಕ್ಸಿಕೊ, ಕ್ಯೂಬಾ, ಪೋರ್ಟೊರಿಕೊದಂಥ ಲ್ಯಾಟಿನ್ ಅಮೆರಿಕದ ನಾಡುಗಳ ಮೂಲದ ಅಮೆರಿಕದ ಕ್ರೈಸ್ತ ಮಹಿಳೆಯರು, ಜನಾಂಗೀಯ ಅನ್ಯಾಯವನ್ನು ಎದುರಿಸುತ್ತಲೇ ವಿಶ್ವಾಸವನ್ನು ಹೇಗೆ ಉಳಿಸಿಕೊಂಡರು ಎಂಬುದನ್ನು ಇಲ್ಲಿ ಕನ್ನಡದಲ್ಲಿಯೇ ಕಲಿಸಿದರು. ಶುಲ್ಕ ಅಲ್ಪ, ಟಿಪ್ಪಣಿಗಳ ಭಾಷೆ ಶುದ್ಧ. ಪ್ರಾರ್ಥನೆ ಬೇರೆ, ನ್ಯಾಯ ಕೇಳುವುದು ಬೇರೆ ಎಂದು ನಂಬಿ ಬೆಳೆದ ನನ್ನಂಥವರಿಗೆ ಇದು ಬಹಳ ಅಗತ್ಯವಾಗಿದ್ದ ತರಗತಿ.

ಅತ್ಯುತ್ತಮವಾದದ್ದು ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟದ ಕೂಲಿಗಳ ಕುರಿತ ಪಾಠ. 1965ರಲ್ಲಿ ಡೆಲಾನೊದಲ್ಲಿ ಫಿಲಿಪಿನೊ ಕಾರ್ಮಿಕರು ಆರಂಭಿಸಿದ ಮುಷ್ಕರಕ್ಕೆ ಮೆಕ್ಸಿಕೊ ಮೂಲದ ಸೀಸರ್ ಚಾವೆಸ್ ಮತ್ತು ಡೊಲೊರೆಸ್ ವೆರ್ಟಾ ಎಂಬ ಮಹಿಳೆ ಸೇರಿ ಕಟ್ಟಿದ ಕೃಷಿ ಕೂಲಿಗಳ ಸಂಘವೂ ಸೇರಿಕೊಂಡಿತು. ಮರುವರ್ಷ ಮಾರ್ಚ್ 17ರಂದು, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ, ಅಲ್ಲಿಂದ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊಗೆ ಹೊರಟ ಪಾದಯಾತ್ರೆ ಏಪ್ರಿಲ್ 10ರ ಈಸ್ಟರ್ ಭಾನುವಾರ ಗುರಿ ಮುಟ್ಟಿತು. ಪರದೆಯ ಮೇಲೆ ತೋರಿಸಿದ ಚಿತ್ರದಲ್ಲಿ ಮೆರವಣಿಗೆಯ ಮುಂದೆ ಮೆಕ್ಸಿಕೊದ ಗ್ವಾಡಲೂಪೆ ಮಾತೆಯ ಪತಾಕೆಯಿತ್ತು. 1531ರಲ್ಲಿ ಹ್ವಾನ್ ಡಿಯೇಗೊ ಎಂಬ ಮೂಲನಿವಾಸಿಗೆ ಅವನದೇ ನಹ್ವಾಟ್ಲ್ ಭಾಷೆಯಲ್ಲಿ ಮಾತನಾಡಿದಳೆಂದು ಭಕ್ತರು ನಂಬುವ, ಯೇಸುವಿನ ತಾಯಿ ಮರಿಯಮ್ಮನೇ ಕೂಲಿ ಕೇಳಲು ಹೊರಟವರ ಮುಂದೆ ನಡೆದಿದ್ದಳು. ಆಗ ನಮ್ಮ ನಡುವಿನ ಹಿರಿಯ ಬೀಡಿ ಕಾರ್ಮಿಕರೊಬ್ಬರು, "ನಾವೂ ಬೀಡಿ ಕಟ್ಟುತ್ತಾ ಜಪಸರ ಹೇಳುತ್ತಿದ್ದೆವು, ಆದರೆ ಕೂಲಿ ಹೆಚ್ಚಿಸಿ ಎಂದು ಕೇಳಲು ಹೋಗುವಾಗ ಅದನ್ನು ಮನೆಯಲ್ಲಿಟ್ಟು ಹೋಗುತ್ತಿದ್ದೆವು" ಎಂದರು. ಬೋಧಕಿ ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಉಳಿದ ಸಮಯವನ್ನೆಲ್ಲ ಆ ಮಾತಿಗೇ ಬಿಟ್ಟುಕೊಟ್ಟರು. ಒಳ್ಳೆಯ ಬೋಧಕರ ಲಕ್ಷಣವೇ ಅದು.

ನ್ಯೂಯಾರ್ಕಿನ ಎಷ್ಟೋ ಚರ್ಚುಗಳಲ್ಲಿ ಪೋರ್ಟೊರಿಕೊದಿಂದ ಬಂದವರ ಸ್ಪ್ಯಾನಿಷ್ ಬಲಿಪೂಜೆಗೆ (ಚರ್ಚಿನ ಮುಖ್ಯ ಆರಾಧನೆಗೆ) ನೆಲಮಾಳಿಗೆಯೇ ಗತಿಯಾಗಿತ್ತೆಂಬ ಸಂಗತಿಯೂ ಮನಸ್ಸಿಗೆ ನಾಟಿತು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂದು ಬದುಕುವ ನಾವು ಈ ನೋವನ್ನು ಸ್ವಲ್ಪಮಟ್ಟಿಗೆ ಬಲ್ಲೆವು. ಆದರೂ ಚರ್ಮದ ಬಣ್ಣಕ್ಕಾಗಿ ಅವಮಾನ ಉಂಡವರ ಅನುಭವವನ್ನು ನಮ್ಮ ಭಾಷಾ ಸಂಕಟದೊಂದಿಗೆ ಸರಿತೂಗಿಸಬಾರದೆಂದು ಬೋಧಕಿ ಎಚ್ಚರಿಸಿದ್ದು ಯೋಗ್ಯವಾಗಿತ್ತು.

ಹವಾನಾದಲ್ಲಿ ಹುಟ್ಟಿದ ದೇವತಾಶಾಸ್ತ್ರಜ್ಞೆ ಆಡಾ ಮರಿಯಾ ಇಸಾಸಿ ಡಿಯಾಸ್ (1943–2012) ಸಾಮಾನ್ಯ ಲ್ಯಾಟಿನಾ ಮಹಿಳೆಯರ ದಿನನಿತ್ಯದ ಬದುಕನ್ನೇ ದೈವಚಿಂತನೆಯ ಆಕರವಾಗಿ ತೆಗೆದುಕೊಂಡ ಬಗೆಯನ್ನು ಇನ್ನಷ್ಟು ನಿಧಾನವಾಗಿ ಹೇಳಬೇಕಿತ್ತು. 1971ರಲ್ಲಿ ಹ್ಯೂಸ್ಟನ್ನಿನಲ್ಲಿ ಸನ್ಯಾಸಿನಿಯರು ಕಟ್ಟಿದ 'ಲಾಸ್ ಎರ್ಮಾನಾಸ್' ಸಂಘಟನೆ ಸ್ವತಃ ಧರ್ಮಸಭೆಯೊಳಗಿನ ತಾರತಮ್ಯವನ್ನು ಪ್ರಶ್ನಿಸಿತ್ತು, ಅದಕ್ಕೆ ಟಿಪ್ಪಣಿಯಲ್ಲಿ ಸಿಕ್ಕಿದ್ದು ಒಂದೇ ಸಾಲು. ಆಫ್ರಿಕಾ ಮೂಲದ ಲ್ಯಾಟಿನಾ ಮಹಿಳೆಯರ ಮಾತು ಬರಲೇ ಇಲ್ಲ.

ನನ್ನ ಮುಖ್ಯ ಆಕ್ಷೇಪ ಬೇರೆಯದು. ನಮ್ಮ ಚರ್ಚುಗಳಲ್ಲಿನ ಜಾತಿಯ ಬಗ್ಗೆ ಯುವತಿಯೊಬ್ಬಳು ಕೇಳಿದಾಗ, ಅದು ಈ ತರಗತಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಆಯೋಜಕರು ಮಾತು ತಿರುಗಿಸಿದರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಇಂದಿಗೂ ಪರಿಶಿಷ್ಟ ಜಾತಿಯ ಸ್ಥಾನಮಾನ ಸಿಗದ ದಲಿತ ಕ್ರೈಸ್ತರು ನಮ್ಮ ನಡುವೆಯೇ ಇರುವಾಗ, ಕ್ಯಾಲಿಫೋರ್ನಿಯಾದ ಅನ್ಯಾಯಕ್ಕೆ ಮರುಗಿ ಇಲ್ಲಿಯದಕ್ಕೆ ಬಾಯಿ ಕಟ್ಟಿಕೊಳ್ಳುವುದನ್ನು ನಾನು ಒಪ್ಪಲಾರೆ. ಬಲಾಢ್ಯರನ್ನು ಸಿಂಹಾಸನದಿಂದ ಕೆಳಗಿಳಿಸುವ ದೇವರನ್ನು ಹಾಡಿದ ಮರಿಯಳ ಸ್ತುತಿಗೀತೆಯಿಂದ ಪ್ರತಿ ತರಗತಿಯನ್ನೂ ಆರಂಭಿಸಿದವರು ಈ ಪ್ರಶ್ನೆಗೆ ಹೆದರಬೇಕಾಗಿರಲಿಲ್ಲ.

ಧ್ವನಿವ್ಯವಸ್ಥೆ ಸಾಧಾರಣ, ಮಳೆ ಜೋರಾದಾಗ ಹಿಂದಿನ ಸಾಲಿಗೆ ಏನೂ ಕೇಳಿಸುವುದಿಲ್ಲ, ಹಾಗಾಗಿ ಮುಂದೆ ಕುಳಿತುಕೊಳ್ಳಿ. ಕುಂಬಳೆ, ಉಪ್ಪಳದ ಕಡೆಯವರು ಮರಳುವ ಬಸ್ಸಿನ ಸಮಯವನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಮುಂದಿನ ತಂಡಕ್ಕೆ ನನ್ನ ತಂಗಿಯ ಹೆಸರನ್ನು ಬರೆಸಿದ್ದೇನೆ. ಜಾತಿಯ ವಿಷಯಕ್ಕೆ ಒಂದು ಪೂರ್ಣ ಸಂಜೆಯನ್ನು ಮೀಸಲಿಡಬೇಕೆಂದು ಆಯೋಜಕರಿಗೆ ಲಿಖಿತವಾಗಿಯೇ ಕೇಳಿದ್ದೇನೆ.