ಸೊಪ್ಪಿನ ಮಡಿಗೆ ಬಯೋಚಾರ್ ಹಾಕೋದಾ, ಯೂರಿಯಾನಾ?

ಇಪ್ಪತ್ತೈದು-ಮೂವತ್ತು ದಿನಕ್ಕೆ ಕೊಯ್ಯುವ ದಂಟು, ಮೆಂತ್ಯಕ್ಕೆ ಬೇಗ ಹಸಿರು ಬರಬೇಕೆಂದರೆ ಯೂರಿಯಾವೇ ಸರಿ. ಅದರಲ್ಲಿ ಸಾರಜನಕ ಶೇ. 46. ಗುಂಟೆಗೆ ಒಂದು ಕೆಜಿಯನ್ನು ಎರಡು ಕಂತಾಗಿ ಕೊಡಿ. ಇಬ್ಬನಿ ಆರಿದ ಮೇಲೆ ಎರಚಿ, ಕೂಡಲೇ ತೆಳುವಾಗಿ ನೀರು ಹಾಯಿಸಿ. ಒದ್ದೆ ಎಲೆಗೆ ಅಂಟಿದರೆ ಸುಡುತ್ತದೆ; ನೀರು ಹಾಯಿಸದೆ ಮಣ್ಣಿನ ಮೇಲೇ ಬಿಟ್ಟರೆ ಅಮೋನಿಯಾ ಆಗಿ ಹಾರಿಹೋಗುತ್ತದೆ. ಹೆಚ್ಚಾದರೆ ಸೊಪ್ಪು ಮೆತ್ತಗಾಗಿ ಸಸ್ಯಹೇನು ಹತ್ತುತ್ತದೆ, ಎಲೆಯಲ್ಲಿ ನೈಟ್ರೇಟ್ ಸೇರುತ್ತದೆ. ವರ್ಷಗಟ್ಟಲೆ ಬರೀ ಅದನ್ನೇ ಸುರಿದರೆ ಮಣ್ಣು ಹುಳಿಯಾಗುತ್ತದೆ.

ಬಯೋಚಾರ್ ಗೊಬ್ಬರವಲ್ಲ, ಗೊಬ್ಬರ ಹಿಡಿದಿಡುವ ಇದ್ದಿಲು. ಗುಂಟೆಗೆ ಸುಮಾರು 100 ಕೆಜಿ ಬೇಕು, ಕೊಂಡರೆ ದುಬಾರಿ. ತೆಂಗಿನ ಚಿಪ್ಪು, ಹಿಪ್ಪುನೇರಳೆ ಕಡ್ಡಿ ಇದ್ದವರು ಗುಂಡಿಯಲ್ಲಿ ಸುಟ್ಟು, ಕೆಂಡವಿದ್ದಾಗಲೇ ನೀರು ಸುರಿದು ಆರಿಸಬಹುದು. ತಡಮಾಡಿದರೆ ಸಿಗುವುದು ಬೂದಿ ಮಾತ್ರ! ಗೊಬ್ಬರ ಬೆರೆಸದೆ ಹಾಗೇ ಹಾಕಿದರೆ ಮಣ್ಣಿನ ಸಾರಜನಕವನ್ನೇ ಹೀರಿಕೊಂಡು ಮೊದಲ ಬೆಳೆ ಹಳದಿಯಾಗಬಹುದು. ಪುಡಿಮಾಡಿ, ಕೊಟ್ಟಿಗೆ ಗೊಬ್ಬರ, ಗಂಜಲದಲ್ಲಿ ಎರಡು-ಮೂರು ವಾರ ನೆನೆಸಿ. ಒಮ್ಮೆ ಸೇರಿಸಿದ್ದು ದಶಕಗಳ ಕಾಲ ಉಳಿಯುತ್ತದೆ.

ನಾಗಮಂಗಲ ಕಡೆಯ ನೀರು ನಿಲ್ಲದ ಕೆಮ್ಮಣ್ಣಿಗೆ, ಸ್ವಂತ ಜಮೀನಿಗೆ ಬಯೋಚಾರ್ ಜೊತೆ ಕಡಿಮೆ ಯೂರಿಯಾ ಒಳ್ಳೆಯದು. ಮಂಡ್ಯದ ನಾಲೆ ಬಯಲಲ್ಲಿ ಸವಳು, ಕ್ಷಾರದ ಮಣ್ಣಿದ್ದರೆ ಮೊದಲು ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) ನೋಡಿಸಿ. 8 ದಾಟಿದ್ದರೆ ಇದ್ದಿಲು ಬೇಡ, ಅದೂ ಕ್ಷಾರವೇ. ವರ್ಷದ ಗುತ್ತಿಗೆ ಹೊಲಕ್ಕೆ ಯೂರಿಯಾ, ಕೊಟ್ಟಿಗೆ ಗೊಬ್ಬರ ಸಾಕು.