ಹತ್ತು ದಿನದಲ್ಲಿ ಮನೆ ಖಾಲಿ ಮಾಡಿ ಅಂದರು, ನಾನು "ಸರಿ ಅಂಕಲ್" ಅಂದೆ

ಬಾಡಿಗೆ ಮನೆಯಲ್ಲಿ ಇರುವವರು ಇದನ್ನು ಒಮ್ಮೆ ಓದಿ. ಅದರಲ್ಲೂ ಅಗ್ರಿಮೆಂಟ್ ಮುಗಿದು ವರ್ಷಗಳಾದರೂ ಹೊಸದು ಮಾಡಿಸದೆ, "ಓನರ್ ಒಳ್ಳೆಯವರು, ಏನೂ ತೊಂದರೆ ಇಲ್ಲ" ಅಂತ ಆರಾಮಾಗಿ ಇರುವವರು. ನಾವೂ ಹಾಗೇ ಇದ್ದೆವು.

ಬೆಂಗಳೂರಿನ ಕತ್ರಿಗುಪ್ಪೆ ಕಡೆ ಮೊದಲ ಮಹಡಿಯ ಮನೆ. 2022ರ ಜೂನ್‌ನಲ್ಲಿ ಹೋದದ್ದು. ಬಾಡಿಗೆ 17,000, ಅಡ್ವಾನ್ಸ್ ಒಂದೂವರೆ ಲಕ್ಷ. ಅಗ್ರಿಮೆಂಟ್ ನನ್ನ ಹೆಸರಿನಲ್ಲಿ, ಹನ್ನೊಂದು ತಿಂಗಳಿಗೆ. ಅದು ಮುಗಿದ ಮೇಲೆ ವರ್ಷಕ್ಕೆ ಐದು ಪರ್ಸೆಂಟ್ ಏರಿಸಿ ಕೊಡುತ್ತಾ ಬಂದೆವು. ಪೇಪರ್ ಮಾತ್ರ ಆಗಲೇ ಇಲ್ಲ. ಕೆಳಗಡೆ ಓನರ್ ಅಂಕಲ್, ಆಂಟಿ. ಯುಗಾದಿಗೆ ಅವರ ಹೋಳಿಗೆ ಮೇಲೆ ಬರುತ್ತಿತ್ತು, ಗೌರಿ ಹಬ್ಬಕ್ಕೆ ನಮ್ಮ ಬಾಗಿನ ಕೆಳಗೆ ಹೋಗುತ್ತಿತ್ತು. ಇಷ್ಟು ಚೆನ್ನಾಗಿರುವಾಗ ಅಗ್ರಿಮೆಂಟ್ ಕೇಳಿದರೆ ಏನು ಅಂದುಕೊಳ್ಳುತ್ತಾರೋ ಅಂತ ನಮಗೇ ಸಂಕೋಚ.

2025ರ ಫೆಬ್ರವರಿ 5, ರಾತ್ರಿ ಒಂಬತ್ತೂವರೆ. ವಾಟ್ಸಾಪ್‌ನಲ್ಲಿ ಒಂದು ಸಾಲು: "ಮಗ ವಾಪಸ್ ಬರ್ತಿದ್ದಾನೆ, 15ರೊಳಗೆ ಮನೆ ಖಾಲಿ ಮಾಡಿಕೊಡಿ." ಜೊತೆಗೆ ಕೈಮುಗಿಯುವ ಚಿತ್ರ. ನನ್ನ ಮಗಳು ಎಸ್ಸೆಸ್ಸೆಲ್ಸಿ. ಮಾರ್ಚ್ 21ಕ್ಕೆ ಪರೀಕ್ಷೆ ಶುರು. (ಮಗ ಬರಲೂ ಇಲ್ಲ, ಏನೂ ಇಲ್ಲ. ಮೇಲಿನ ಎರಡು ಮಹಡಿ ಸೇರಿಸಿ ಪೀಜಿ ಮಾಡುವ ಮಾತಾಗಿತ್ತು ಅಂತ ಎದುರು ಮನೆಯವರು ಆಮೇಲೆ ಹೇಳಿದರು. ಮನೆ ಅವರದ್ದು, ಏನಾದರೂ ಮಾಡಿಕೊಳ್ಳಲಿ. ನನ್ನ ತಕರಾರು ಅದಲ್ಲ.)

ನಾನು ಏನು ಉತ್ತರ ಕೊಟ್ಟೆ ಗೊತ್ತಾ? "ಸರಿ ಅಂಕಲ್, ನೋಡ್ತೀವಿ." ರೂಢಿಯ ಮರ್ಯಾದೆಗೆ ಬಂದ ಮಾತು. ಮೂರು ವಾರದ ನಂತರ ಅದೇ ಸ್ಕ್ರೀನ್‌ಶಾಟ್ ತೋರಿಸಿ "ನೀವೇ ಒಪ್ಪಿದ್ರಲ್ಲಮ್ಮಾ" ಅಂದರು.

ಮಾರನೇ ದಿನ ಅಂಕಲ್ ಮೇಲೆ ಬಂದರು, ಬಹಳ ಪ್ರೀತಿಯಿಂದ. "ಫೆಬ್ರವರಿ ಬಾಡಿಗೆ ಕೊಡಬೇಡಿ, ಅಡ್ವಾನ್ಸ್‌ನಲ್ಲಿ ಹಿಡ್ಕೋತೀನಿ. ನಿಮಗೂ ಹೊಸ ಮನೆಗೆ ದುಡ್ಡು ಬೇಕಲ್ವಾ" ಅಂದರು. ನಮಗೆ ಎಷ್ಟು ಒಳ್ಳೆಯವರು ಅನ್ನಿಸಿತು. ಆಗ ಬಾಡಿಗೆ 18,750 ಆಗಿತ್ತು, ಉಳಿಯಿತು ಅಂತ ಸಮಾಧಾನವೂ ಆಯಿತು. ಮಾತು ಬರೀ ಬಾಯಲ್ಲಿ. ಮುಂದೆ ಅವರ ಕಡೆ ವಕೀಲರ ಪತ್ರದಲ್ಲಿ ನಾವು "ಬಾಡಿಗೆ ಬಾಕಿದಾರರು" ಆದೆವು.

ಇವೆರಡನ್ನೂ ಹೇಗೋ ಸರಿ ಮಾಡಬಹುದಿತ್ತು. ಮೂರನೆಯದನ್ನು ಮಾತ್ರ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಭಾನುವಾರ ಆಂಟಿ ಕಾಫಿಗೆ ಕರೆದರು. ಕಾಫಿ ಕುಡಿದ ಮೇಲೆ ಅಂಕಲ್ ಒಂದು ಬಿಳಿ ಹಾಳೆ ತಂದರು. "ಸುಮ್ನೆ ಫಾರ್ಮಾಲಿಟಿಗೆ ಎರಡು ಸಾಲು ಬರೆದುಕೊಡಿ, ಮಗನಿಗೆ ತೋರಿಸಬೇಕು" ಅಂದರು. ಏನು ಬರೆಯಬೇಕು ಅಂತಲೂ ಅವರೇ ಹೇಳಿದರು. ನಮ್ಮ ಸ್ವಂತ ಕಾರಣದಿಂದ 15ನೇ ತಾರೀಖು ಮನೆ ಬಿಡುತ್ತಿದ್ದೇವೆ, ತಡವಾದರೆ ದಿನಕ್ಕೆ ಸಾವಿರ ರೂಪಾಯಿ ಕೊಡುತ್ತೇವೆ. ದಿನಕ್ಕೆ ಸಾವಿರ ಯಾಕೆ ಅಂದೆ. "ಅಯ್ಯೋ, ಅದನ್ನೆಲ್ಲ ನಾನು ತಗೋತೀನಾ" ಅಂತ ನಕ್ಕರು. ನಾನು ಎಂ.ಕಾಂ. ಓದಿದವಳು, ದಿನಾ ಆಫೀಸಿನಲ್ಲಿ ಬೇರೆಯವರ ಬಿಲ್ ಹಿಡಿದು ತಪ್ಪು ಹುಡುಕುವವಳು. ಅಲ್ಲೇ ಕೂತು ಬರೆದು ಸಹಿ ಹಾಕಿ ಬಂದೆ. ನಕಲನ್ನೂ ಇಟ್ಟುಕೊಳ್ಳಲಿಲ್ಲ.

15ನೇ ತಾರೀಖು ಹೋಯಿತು. ಮನೆ ಸಿಗಲಿಲ್ಲ. ಸಿಕ್ಕ ಕಡೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು, ನಮ್ಮ ದುಡ್ಡು ಇವರ ಹತ್ತಿರ. ಪರೀಕ್ಷೆ ಮುಗಿಯುವ ತನಕ ಇರಲು ಬಿಡಿ ಅಂತ ಕೇಳಿಕೊಂಡೆವು. ಹೋಳಿಗೆ ಕೊಟ್ಟ ಕೈ ಆಮೇಲೆ ಏನು ಮಾಡಿತು ನೋಡಿ.

ಮೊದಲು ನೀರು. ಮೋಟಾರ್ ಸ್ವಿಚ್ ಅವರ ಕಡೆ ಇದ್ದದ್ದು. ನಮ್ಮ ಸಿಂಟೆಕ್ಸ್‌ಗೆ ಬೆಳಿಗ್ಗೆ ಕಾಲು ಗಂಟೆ ಬಿಟ್ಟು ನಿಲ್ಲಿಸುತ್ತಿದ್ದರು. ಕೇಳಿದರೆ "ಸಂಪ್‌ನಲ್ಲೇ ಇಲ್ಲ." ಅವರ ಕಾರು ಮಾತ್ರ ದಿನಾ ಪೈಪ್ ಹಿಡಿದು ತೊಳೆಸಿಕೊಳ್ಳುತ್ತಿತ್ತು. ಆಮೇಲೆ ಕರೆಂಟ್. ರಾತ್ರಿ ಮಗಳು ಓದುತ್ತಿರುವಾಗ ನಮ್ಮ ಮನೆಗೆ ಮಾತ್ರ ಹೋಯಿತು. ಕರೆಂಟ್ ಕಂಪನಿಯ 1912ಕ್ಕೆ ಫೋನ್ ಮಾಡಿದೆವು. ಬಂದ ಲೈನ್‌ಮನ್ ಮೀಟರ್ ಬೋರ್ಡ್ ನೋಡಿ "ಲೈನ್‌ನಲ್ಲಿ ಏನೂ ತೊಂದರೆ ಇಲ್ಲ ಮೇಡಂ, ಯಾರೋ ನಿಮ್ಮ ಫ್ಯೂಸ್ ಕಿತ್ತಿದ್ದಾರೆ" ಅಂದರು. ನಮ್ಮ ಮನೆಯವರು ಮೊಬೈಲ್‌ನಲ್ಲಿ ಅದರ ಫೋಟೋ ತೆಗೆದರು. ಇಡೀ ಪ್ರಕರಣದಲ್ಲಿ ನಾವು ಮಾಡಿದ ಮೊದಲ ಬುದ್ಧಿವಂತಿಕೆಯ ಕೆಲಸ ಅದೇ ಇರಬೇಕು.

ಮಾರ್ಚ್ ಮೊದಲ ಶನಿವಾರ ಟ್ಯೂಷನ್‌ನಿಂದ ಮಗಳನ್ನು ಕರೆದುಕೊಂಡು ಬಂದರೆ, ಮೆಟ್ಟಿಲ ಹತ್ತಿರದ ಗ್ರಿಲ್‌ಗೆ ಹೊಸ ಬೀಗ. ನಮ್ಮ ಅತ್ತೆ ಒಳಗೆ, ನಾವು ಹೊರಗೆ. ಅತ್ತೆಗೆ ಶುಗರ್, ಗಾಬರಿಯಾಗಿ ಮೇಲಿನಿಂದ ಅಳುತ್ತಿದ್ದಾರೆ. 112ಕ್ಕೆ ಫೋನ್ ಮಾಡಿದೆ. ಪೊಲೀಸರ ಹೊಯ್ಸಳ ಗಾಡಿ ಬಂತು, ಬೀಗ ತೆಗೆಸಿದರು. ಅಷ್ಟಕ್ಕೆ ಅವರಿಗೆ ಕೈಮುಗಿಯುತ್ತೇನೆ. ಆದರೆ ದೂರು ಬರೆದುಕೊಂಡು ಸ್ಟೇಷನ್‌ಗೆ ಹೋದರೆ, "ಇದು ಸಿವಿಲ್ ಮ್ಯಾಟರ್ ಮೇಡಂ, ಕೋರ್ಟ್‌ಗೆ ಹೋಗಿ" ಅಂತ ಕಳಿಸಿದರು. ನಾವೂ ಎದ್ದು ಬಂದೆವು. ಕೊಟ್ಟ ದೂರಿಗೆ ಒಂದು ಹಿಂಬರಹ (ದೂರಿನ ಬಗ್ಗೆ ಪೊಲೀಸರು ಬರೆದುಕೊಡುವ ಉತ್ತರ) ಕೇಳಿ ಪಡೆಯಬೇಕು ಅನ್ನುವುದು ಆಗ ಗೊತ್ತಿರಲಿಲ್ಲ.

ವಕೀಲರು ಸಿಕ್ಕಿದ್ದು ಇದಾದ ಮೇಲೆ. ಸಹೋದ್ಯೋಗಿಯೊಬ್ಬರು ಹೇಳಿದರು, ಹೆಂಗಸರಿಗೆ ಸರ್ಕಾರದ ಕಡೆಯಿಂದ ವಕೀಲರ ನೆರವು ಉಚಿತ ಅಂತ. ನಿಜ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಸಿಗುತ್ತದೆ. ಸಹಾಯವಾಣಿ 15100. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ನಮಗೆ ಸಿಕ್ಕ ವಕೀಲೆ ಮೊದಲು ಕೇಳಿದ್ದು, "ನೋಟಿಸ್ ಎಲ್ಲಿ?" ಮೊಬೈಲ್ ತೋರಿಸಿದೆ. ನಕ್ಕುಬಿಟ್ಟರು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ.

ಬಾಡಿಗೆದಾರರಿಗೆ ರೆಂಟ್ ಆಕ್ಟ್ ಇದೆಯಲ್ಲ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗೆ ಅನ್ವಯವೇ ಆಗುವುದಿಲ್ಲ. ಈಗ ಅಷ್ಟು ದುಡ್ಡಿಗೆ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುವ 2021ರ ಮಾದರಿ ಬಾಡಿಗೆ ಕಾಯ್ದೆಯನ್ನೂ ಕೆಲವರು ತೋರಿಸುತ್ತಾರೆ. ಅದು ಹೆಸರೇ ಹೇಳುವ ಹಾಗೆ ಮಾದರಿ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬೆಲೆ.

ಹಾಗಾಗಿ ನಮ್ಮಂಥವರಿಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಬ್ರಿಟಿಷರ ಕಾಲದ್ದು. ಅಗ್ರಿಮೆಂಟ್ ಮುಗಿದ ಮೇಲೂ ಓನರ್ ಬಾಡಿಗೆ ತಗೊಳ್ಳುತ್ತಾ ಹೋದರೆ ನೀವು ತಿಂಗಳಿಂದ ತಿಂಗಳಿಗೆ ಬಾಡಿಗೆದಾರರಾಗಿ ಮುಂದುವರಿದ ಹಾಗೆ. ಇದು 116ನೇ ಸೆಕ್ಷನ್. "ಅಗ್ರಿಮೆಂಟೇ ಇಲ್ಲ, ನಿಮಗೇನು ಹಕ್ಕಿದೆ" ಅಂತ ಅಂಕಲ್ ಗದರಿದ್ದಕ್ಕೆ ಉತ್ತರ ಅಲ್ಲೇ ಇತ್ತು. ಇಂಥ ಬಾಡಿಗೆ ಮುಗಿಸಬೇಕಾದರೆ 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಕೊಡಬೇಕು. ಅದು ಬರಹದಲ್ಲಿರಬೇಕು, ಸಹಿ ಇರಬೇಕು, ಅಂಚೆಯಲ್ಲಿ ಬರಬೇಕು ಅಥವಾ ಕೈಗೆ ಕೊಡಬೇಕು. ದಿನದ ಲೆಕ್ಕ ನೋಟಿಸ್ ನಮ್ಮ ಕೈ ಸೇರಿದ ದಿನದಿಂದ. ಕಾರಣ ಕೊಡಬೇಕಾಗಿಲ್ಲ. ಇದು ಕೇಳಿ ನನಗೆ ಬೇಜಾರಾಯಿತು, ಪೀಜಿಯ ಸುಳ್ಳನ್ನು ಹಿಡಿದು ಜಗಳ ಆಡೋಣ ಅಂತ ಇದ್ದೆ.

ನಮ್ಮ ಹಳೆಯ ಅಗ್ರಿಮೆಂಟ್‌ನಲ್ಲಿ ಎರಡು ಕಡೆಗೂ ಎರಡು ತಿಂಗಳ ನೋಟಿಸ್ ಅಂತ ಇತ್ತು. "ಅದನ್ನು ಹಿಡಿದು ವಾದ ಮಾಡಬಹುದು, ಆದರೆ ಅವಧಿ ಮುಗಿದ ಪೇಪರ್, ಗ್ಯಾರಂಟಿ ಕೊಡಲ್ಲ" ಅಂದರು ವಕೀಲೆ. ಹೊಸದು ಮಾಡಿಸಿದ್ದರೆ ಈ ಅನುಮಾನವೇ ಇರುತ್ತಿರಲಿಲ್ಲ.

ಇನ್ನೊಂದು ಮಾತು. ಹತ್ತೇ ದಿನ ಕೊಟ್ಟಿದ್ದಾರೆ, ನೋಟಿಸ್ ತಪ್ಪು, ಇನ್ನು ನಮ್ಮನ್ನು ಯಾರೂ ಅಲ್ಲಾಡಿಸೋಕಾಗಲ್ಲ ಅಂತ ಬೀಗಬೇಡಿ. 2002ರ ತಿದ್ದುಪಡಿ ಆದ ಮೇಲೆ, ನೋಟಿಸ್‌ನಲ್ಲಿ ದಿನ ಕಡಿಮೆ ಬರೆದಿದ್ದರೂ 15 ದಿನ ಕಳೆದ ಮೇಲೆ ಕೇಸ್ ಹಾಕಿದ್ದರೆ ಆ ಒಂದೇ ಕಾರಣಕ್ಕೆ ನೋಟಿಸ್ ಬಿದ್ದುಹೋಗುವುದಿಲ್ಲ. ಸರಿಯಾದ ನೋಟಿಸ್ ಬಂದ ಮೇಲೂ ಹಟ ಹಿಡಿದು ಕೂತರೆ, ಆ ಅವಧಿಗೆ ಬಾಡಿಗೆಗಿಂತ ಜಾಸ್ತಿ ಪರಿಹಾರ ಕಟ್ಟು ಅಂತ ಕೋರ್ಟ್ ಹೇಳಬಹುದು.

ಆದರೆ ನನಗೆ ಧೈರ್ಯ ಬಂದದ್ದು ಮುಂದಿನ ಮಾತಿನಿಂದ. ನೋಟಿಸ್ ಅವಧಿ ಮುಗಿದ ಮಾತ್ರಕ್ಕೆ ಓನರ್ ನಮ್ಮನ್ನು ಹೊರಗೆ ಹಾಕುವ ಹಾಗಿಲ್ಲ. ನೋಟಿಸ್ ಬಾಡಿಗೆಯ ಸಂಬಂಧವನ್ನು ಮುಗಿಸುತ್ತದೆ, ಅಷ್ಟೇ. ನಾವಾಗಿ ಹೋಗದಿದ್ದರೆ ಅವರು ಕೋರ್ಟ್‌ಗೆ ಹೋಗಿ ಡಿಕ್ರಿ, ಅಂದರೆ ಮನೆ ಬಿಡಿಸುವ ತೀರ್ಪು, ತರಬೇಕು. ಬೀಗ ಹಾಕುವುದು, ನೀರು, ಕರೆಂಟ್ ನಿಲ್ಲಿಸುವುದು, ಸಾಮಾನು ಬೀದಿಗೆ ಇಡುವುದು ಯಾವುದೂ ನಡೆಯದು. ನಮ್ಮ ಕರ್ನಾಟಕದ್ದೇ ಒಂದು ಕೇಸ್, ರಾಮೇಗೌಡ ಮತ್ತು ವರದಪ್ಪ ನಾಯ್ಡು ನಡುವಿನದು, ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಅದು ಬಾಡಿಗೆ ಮನೆಯ ಜಗಳ ಅಲ್ಲ, ಜಾಗದ್ದು. ನೆಲೆ ನಿಂತವನನ್ನು ನಿಜವಾದ ಮಾಲೀಕನೇ ಆದರೂ ಕಾನೂನಿನ ದಾರಿಯಲ್ಲೇ ಬಿಡಿಸಬೇಕು, ತೋಳ್ಬಲದಿಂದ ಅಲ್ಲ ಅಂತ 2003ರಲ್ಲಿ ಕೋರ್ಟ್ ಹೇಳಿತು. ಅಕಸ್ಮಾತ್ ಹೊರಗೆ ಹಾಕಿಯೇ ಬಿಟ್ಟರೆ? 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಇದೆ. ಆರು ತಿಂಗಳೊಳಗೆ ದಾವೆ ಹಾಕಿದರೆ, ಮಾಲೀಕ ಯಾರು ಅನ್ನುವ ಪ್ರಶ್ನೆಗೆ ಹೋಗದೆ ಸ್ವಾಧೀನ ವಾಪಸ್ ಕೇಳಬಹುದು. ಆರು ತಿಂಗಳು ದಾಟಿದರೆ ಈ ದಾರಿ ಮುಚ್ಚಿತು.

ಬೀಗದ ವಿಷಯ ಹೇಳಿದಾಗ ವಕೀಲೆಗೆ ಸಿಟ್ಟೇ ಬಂತು. ಬಾಡಿಗೆ ತಕರಾರು ಸಿವಿಲ್ ಇರಬಹುದು, ವಯಸ್ಸಾದವರನ್ನು ಒಳಗೆ ಕೂಡಿ ಬೀಗ ಹಾಕುವುದು ಸಿವಿಲ್ ಹೇಗಾಗುತ್ತದೆ? ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಕ್ರಮವಾಗಿ ತಡೆಯುವುದಕ್ಕೆ 126, ಕೂಡಿಹಾಕುವುದಕ್ಕೆ 127ನೇ ಸೆಕ್ಷನ್‌ಗಳೇ ಇವೆ. "ಇದು ಮನೆ ಖಾಲಿ ಮಾಡೋ ವಿಷಯ ಅಂತ ದೂರಲ್ಲಿ ಶುರು ಮಾಡಬೇಡಿ. ಬೀಗ ಹಾಕಿದ್ದು, ಯಾರು ಒಳಗಿದ್ದರು, ಎಷ್ಟು ಹೊತ್ತು, ಅಷ್ಟನ್ನೇ ಮೊದಲು ಬರೀರಿ" ಅಂದರು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಅವರು ಹೇಳಿದಂತೆ ಅದೇ ದಿನ ಫೆಬ್ರವರಿ, ಮಾರ್ಚ್ ಎರಡೂ ತಿಂಗಳ ಬಾಡಿಗೆಯನ್ನು ಬ್ಯಾಂಕ್‌ನಿಂದ ಕಳಿಸಿ, ಯಾವ ತಿಂಗಳದ್ದು ಅಂತ ಅಲ್ಲೇ ಬರೆದೆವು. ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುತ್ತೇವೆ ಅನ್ನುವುದನ್ನು ಓನರ್ ಬರೆದುಕೊಡದಿದ್ದರೆ ಒಂದು ತಿಂಗಳೂ ನಿಲ್ಲಿಸಬೇಡಿ. ವಕೀಲೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ ಕಳಿಸಿದರು. ಇನ್ನೊಮ್ಮೆ ಫ್ಯೂಸ್ ಮುಟ್ಟಿದರೆ ತಡೆಯಾಜ್ಞೆಗೆ ಕೋರ್ಟ್‌ಗೆ ಹೋಗುತ್ತೇವೆ ಅಂತ ಅದರಲ್ಲಿ ಇತ್ತು. ಮೂರನೇ ದಿನಕ್ಕೆ ಸಂಪ್‌ನಲ್ಲಿ ನೀರು ತಾನಾಗಿ ಬಂತು. ಮಗಳು ಪರೀಕ್ಷೆ ಬರೆದಳು. ಏಪ್ರಿಲ್ 30ಕ್ಕೆ ಬಿಡುತ್ತೇವೆ ಅಂತ ನಾವೇ ಲಿಖಿತವಾಗಿ ತಿಳಿಸಿ, ಏಪ್ರಿಲ್ ಬಾಡಿಗೆಯನ್ನೂ ಕಟ್ಟಿ, ಅದೇ ದಿನ ಬಿಟ್ಟೆವು. ಆ ಮನೆಯಲ್ಲಿ ಇರುವ ಆಸೆ ನಮಗೂ ಉಳಿದಿರಲಿಲ್ಲ.

ಆ ಬಿಳಿ ಹಾಳೆ ಹೊರಗೆ ಬಂದದ್ದು ಅಡ್ವಾನ್ಸ್ ಲೆಕ್ಕದ ದಿನ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ 18,750, ಅದು ಅಗ್ರಿಮೆಂಟ್‌ನಲ್ಲಿ ಇತ್ತು, ಒಪ್ಪಿದೆವು. ಆಮೇಲೆ ಫೆಬ್ರವರಿ 16ರಿಂದ ಏಪ್ರಿಲ್ 30ರ ತನಕ 74 ದಿನ, ದಿನಕ್ಕೆ ಸಾವಿರ. "74 ಬೇಡ, 50 ಸಾವಿರ ಹಿಡ್ಕೋತೀನಿ, ಮನೆ ಮಗಳ ಥರ ಇದ್ದೆ" ಅಂದರು ಅಂಕಲ್. ಕೈಗೆ ಬಂದದ್ದು 81,250. ಆ ಕಾಗದ ಇರುವುದರಿಂದ ನಾವೇ ಮನಸ್ಸಾರೆ ಮನೆ ಬಿಟ್ಟುಕೊಟ್ಟ ಹಾಗೆ ಕಾಣುತ್ತದೆ, ಓನರ್ ಕಳಿಸಿದ್ದ ಹಾಗಲ್ಲ. ಅವರ ಆ ಅರೆಬರೆ ವಾಟ್ಸಾಪ್ ನೋಟಿಸ್‌ನ ಎಲ್ಲ ತಪ್ಪನ್ನೂ ನನ್ನ ಕೈಬರಹವೇ ಮುಚ್ಚಿಕೊಟ್ಟಿತು.

ನಿಮ್ಮ ಓನರ್ ಹೀಗೆ ಕಾಗದ ಕೇಳಿದರೆ "ನೀವೇ ನೋಟಿಸ್ ಕೊಡಿ ಅಂಕಲ್, ನಾವು ಉತ್ತರ ಕೊಡ್ತೀವಿ" ಅನ್ನಿ. ನಯವಾಗಿಯೇ ಅನ್ನಬಹುದು. ಕಾಫಿ ಮಾತ್ರ ಕುಡಿದು ಬನ್ನಿ. ಕೀ ಕೊಡುವ ದಿನ ಖಾಲಿ ಮನೆಯ ವಿಡಿಯೋ ತೆಗೆಯಿರಿ, ಮೀಟರ್ ರೀಡಿಂಗ್ ಸಮೇತ. ಕೀ ತಗೊಂಡೆ ಅಂತ ಒಂದು ಸಾಲು ಬರೆಸಿಕೊಳ್ಳಿ. ಗೃಹಜ್ಯೋತಿಗೆ ನಿಮ್ಮ ಆಧಾರ್ ಆ ಮನೆಯ ಕರೆಂಟ್ ಸಂಪರ್ಕದ ಆರ್‌ಆರ್ ನಂಬರಿಗೆ ಜೋಡಿಸಿದ್ದರೆ ಅದನ್ನೂ ಬಿಡಿಸಿಕೊಳ್ಳಿ. ನಾನು ಮರೆತಿದ್ದೆ, ಹೊಸ ಮನೆಯಲ್ಲಿ ಅರ್ಜಿ ಹಾಕುವಾಗ ತಲೆ ಚಚ್ಚಿಕೊಂಡೆ.

50 ಸಾವಿರಕ್ಕೆ ವಕೀಲರ ಮೂಲಕ ನೋಟಿಸ್ ಹೋಗಿದೆ. ದುಡ್ಡಿನ ದಾವೆಗೆ ಮೂರು ವರ್ಷದ ಗಡುವು ಇರುತ್ತದೆ, ಆದರೆ ದಾವೆಗೆ ಮೊದಲು ಪ್ರಾಧಿಕಾರದಲ್ಲೇ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತಾರಂತೆ. ಮೊದಲ ತಾರೀಖಿಗೆ ಅಂಕಲ್ ಬರಲಿಲ್ಲ. ಎರಡನೆಯದಕ್ಕೆ ಕಾಯುತ್ತಿದ್ದೇವೆ. ದುಡ್ಡು ಬಂದರೆ ಬರೆಯುತ್ತೇನೆ, ಬರದಿದ್ದರೂ ಬರೆಯುತ್ತೇನೆ.