ಎಸ್‌ಟಿಪಿ ರಿಪೋರ್ಟ್‌ಗೆ ಸಹಿ ಹಾಕೋ ಮುಂಚೆ ಟಿಡಿಎಸ್ ಸಾಲು ಓದಿ

ದಾವಣಗೆರೆಯಲ್ಲಿ ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನಲ್ಲಿ ಇರೋರು, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ನಿರ್ವಹಣೆ ಗುತ್ತಿಗೆ ಕೊಡೋಕೆ ಹೊರಟಿರೋರು ಇದನ್ನ ಪೂರ್ತಿ ಓದಿ. ನಮಗೆ ಟೋಪಿ ಹಾಕಿದವನ ಹೆಸರು ಬರೆಯಲ್ಲ. ಹೇಗೆ ಹಾಕಿದ ಅನ್ನೋದು ಗೊತ್ತಾದ್ರೆ ಸಾಕು.

ನಮ್ಮಲ್ಲಿ ಬಚ್ಚಲು, ಅಡುಗೆಮನೆ, ಟಾಯ್ಲೆಟ್ ನೀರೆಲ್ಲ ಕೆಳಗಿನ ಎಸ್‌ಟಿಪಿಗೆ ಹೋಗಿ, ಶುದ್ಧವಾಗಿ ಫ್ಲಶ್‌ಗೂ ತೋಟಕ್ಕೂ ವಾಪಸ್ ಬರುತ್ತೆ. ಭದ್ರಾ ನಾಲೆ ನಿಂತು, ಕಾರ್ಪೊರೇಷನ್ ನೀರಿಗೆ ದಿನ ಎಣಿಸೋ ಬೇಸಿಗೆಯಲ್ಲಿ ಇದಿಲ್ಲದಿದ್ರೆ ಟ್ಯಾಂಕರಿಗೆ ದುಡ್ಡು ಸುರೀಬೇಕು. ಹಾಗಾಗಿ ವ್ಯವಸ್ಥೆ ಬಗ್ಗೆ ನನಗೆ ತಕರಾರಿಲ್ಲ. ಹೊಸ ಗುತ್ತಿಗೆದಾರ ಬಂದಾಗ ಎಲ್ಲರಿಗೂ ಹಿಡಿಸಿದ್ದು ಅವನ ಒಂದೇ ಮಾತು: ಬೆಸ್ಕಾಂ ಬಿಲ್ ಅರ್ಧಕ್ಕೆ ಇಳಿಸಿಕೊಡ್ತೀನಿ. ಇಳಿಸಿದ, ಸುಳ್ಳಲ್ಲ. ಜೊತೆಗೆ ಫ್ಲಶ್ ಮಾಡಿದಾಗೆಲ್ಲ ಗಬ್ಬುನಾತ ಶುರುವಾಯ್ತು. ಕೇಳಿದ್ರೆ, "ಬ್ಯಾಸಿಗಿ ಅಲ್ಲೇನ್ರಿ ಮೇಡಂ, ವಾಸ್ನಿ ಇದ್ದದ್ದೇ. ಲ್ಯಾಬ್ ರಿಪೋರ್ಟ್ ಕ್ಲೀನ್ ಐತಿ ನೋಡ್ರಿ" ಅಂದ.

ರಿಪೋರ್ಟ್ ನೋಡಿದೆ. ಕ್ಲೀನ್ ಅಲ್ಲ, ಅತೀ ಕ್ಲೀನ್. ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿರೋ ಉಪ್ಪಿನಂಶ, ಲೀಟರಿಗೆ 210 ಮಿ.ಗ್ರಾಂ ಅಂತಿತ್ತು. ನಮ್ಮ ಬೋರ್ ನೀರಿನದೇ ಒಂಬೈನೂರರ ಆಸುಪಾಸು! ಎಸ್‌ಟಿಪಿಯಲ್ಲಿ ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತವೆ, ಮರಳು ಮತ್ತು ಕಾರ್ಬನ್ ಫಿಲ್ಟರ್ ಉಳಿದ ಗಸಿ ಹಿಡಿಯುತ್ತವೆ. ಕರಗಿದ ಉಪ್ಪು ಮಾತ್ರ ಎಲ್ಲೂ ಹೋಗಲ್ಲ, ಅದನ್ನ ತೆಗೆಯೋಕೆ ಆರ್‌ಓ ಬೇಕು. ಸೋಪು, ಮೂತ್ರ, ಅಡುಗೆ ಉಪ್ಪು ಎಲ್ಲ ಸೇರಿ ಹೊರಬರೋ ನೀರಿನ ಟಿಡಿಎಸ್ ಒಳಗೆ ಬಂದ ನೀರಿಗಿಂತ ಜಾಸ್ತಿನೇ ಇರಬೇಕು. ಅಂದ್ರೆ ಬಾಟಲಿಯಲ್ಲಿ ಇದ್ದದ್ದು ನಮ್ಮ ಎಸ್‌ಟಿಪಿ ನೀರೇ ಅಲ್ಲ.

ಇನ್ನೊಂದು ತಮಾಷೆ ತಾರೀಕಿನದು. ಸ್ಯಾಂಪಲ್ ಸೋಮವಾರ, ರಿಪೋರ್ಟ್ ಮಂಗಳವಾರ, ಅದರಲ್ಲಿ ಬಿಓಡಿ (ನೀರಲ್ಲಿ ಉಳಿದಿರೋ ಕೊಳೆಯ ಅಳತೆ) ಅಂಕಿ ಬೇರೆ. ನಮ್ಮ ದೇಶದ ಲ್ಯಾಬುಗಳಲ್ಲಿ ಬಿಓಡಿ ಪರೀಕ್ಷೆಗೆ ನೀರನ್ನ 27 ಡಿಗ್ರಿಯಲ್ಲಿ 3 ದಿನ ಇಡಬೇಕು. ಮಂಗಳವಾರ ಹೇಗೆ ಬಂತು? ಮಲ ಸೇರಿದೆಯಾ ಅಂತ ತೋರಿಸೋ ಕೋಲಿಫಾರ್ಮ್ ಬ್ಯಾಕ್ಟೀರಿಯಾದ ಸಾಲಂತೂ ಇರಲೇ ಇಲ್ಲ. ಕೇಂದ್ರದ 2017ರ ಅಧಿಸೂಚನೆ ಪ್ರಕಾರ ಎಸ್‌ಟಿಪಿಯಿಂದ ಹೊರಬರೋ ನೀರಿನ 100 ಮಿ.ಲೀ.ನಲ್ಲಿ ಮಲಜನ್ಯ ಕೋಲಿಫಾರ್ಮ್ 1000ಕ್ಕಿಂತ ಕಡಿಮೆ ಇರಬೇಕು. ಕಾಯಿಲೆ ತರೋ ವಿಷಯವನ್ನೇ ರಿಪೋರ್ಟಿಂದ ಬಿಟ್ಟಿದ್ರು.

ಕೆಳಗೆ ಹೋಗಿ ಆಪರೇಟರ್ ಹುಡುಗನನ್ನ ಕೇಳಿದೆ. ಪಾಪ, ಅವನಿಗೆ ಸುಳ್ಳು ಹೇಳೋಕೆ ಬರಲ್ಲ. "ರಾತ್ರಿ ಬ್ಲೋವರ್ ಬಂದ್ ಮಾಡು ಅಂತ ನಮ್ ಸಾಹುಕಾರ್ರೇ ಹೇಳ್ಯಾರಕ್ಕ" ಅಂದ. ಬಿಲ್ ಇಳಿದ ಗುಟ್ಟು ಇದು. ಬ್ಲೋವರ್ ಅಂದ್ರೆ ಟ್ಯಾಂಕಿಗೆ ಗಾಳಿ ಊದೋ ಯಂತ್ರ. ಅದು ನಿಂತ್ರೆ ಗಾಳಿ ಇಲ್ಲ, ಗಾಳಿ ಇಲ್ಲದಿದ್ರೆ ಆ ಬ್ಯಾಕ್ಟೀರಿಯಾ ಬದುಕಲ್ಲ. ಆ ಗಾಳಿ ಊದೋ (ಏರೇಷನ್) ಟ್ಯಾಂಕಿನ ನೀರನ್ನ ಒಂದು ಲೀಟರಿನ ಅಳತೆ ಜಾಡಿಗೆ ಹಾಕಿಸಿ ಅರ್ಧ ಗಂಟೆ ಅಲ್ಲಾಡಿಸದೆ ಇಟ್ವಿ. ಸರಿ ಇದ್ದಿದ್ರೆ ಹಳೇ ಬೆಲ್ಲದ ಬಣ್ಣದ ಗಸಿ ತಳಕ್ಕೆ ಕೂತು ಮೇಲೆ ತಿಳಿ ನಿಲ್ಲಬೇಕಿತ್ತು. ನಮ್ಮದು ಮೇಲಿಂದ ಕೆಳಗಿನ ತನಕ ಕಪ್ಪು, ಒಂದಿಷ್ಟು ಚೂರು ಮೇಲೇ ತೇಲ್ತಾ ಇದ್ವು.

ಕ್ಲೋರಿನ್ ಡೋಸಿಂಗ್ ಪಂಪಿನ ಡಬ್ಬ ಒಣಗಿತ್ತು. ಕಮಿಟಿಯವರು ನೋಡೋಕೆ ಬರೋ ಬೆಳಿಗ್ಗೆ ಒಂದಿಷ್ಟು ಬ್ಲೀಚಿಂಗ್ ಪೌಡರ್ ಎರಚೋದು, ಅಷ್ಟೇ. ಕೊಳೆ ಉಳಿದಿರೋ ನೀರಿಗೆ ಹಾಕಿದ ಕ್ಲೋರಿನ್ ಕೊಳೆಯಲ್ಲೇ ಖರ್ಚಾಗಿ ಹೋಗುತ್ತೆ, ರೋಗಾಣು ಸಾಯಿಸೋಕೆ ಏನೂ ಉಳಿಯಲ್ಲ. ಇದೇ ನೀರನ್ನ ಮಕ್ಕಳು ಆಡೋ ಹುಲ್ಲಿಗೆ ಸ್ಪ್ರಿಂಕ್ಲರಲ್ಲಿ ಹಾರಿಸ್ತಿದ್ರು. ಹಿಂದಿನ ಮಡಿಯ ಕೊತ್ತಂಬರಿ, ಪುದೀನಕ್ಕೂ ಇದೇ. ಕೋಸಂಬರಿಗೆ ಹಸಿಯಾಗೇ ಬೀಳೋ ಸೊಪ್ಪು ಅದು! ಸೊಪ್ಪು ಕಿತ್ತು ಎಸೆಸಿ, ಸ್ಪ್ರಿಂಕ್ಲರ್ ಬಿಚ್ಚಿಸಿದ್ವಿ.

ಇದೆಲ್ಲಕ್ಕಿಂತ ನನಗೆ ಸಿಟ್ಟು ಬಂದದ್ದು, ಪಂಪ್ ಕಟ್ಟಿಕೊಂಡಾಗ ಗುತ್ತಿಗೆದಾರ ಆ ಆಪರೇಟರ್ ಹುಡುಗನನ್ನ ಹಗ್ಗ ಕೂಡ ಇಲ್ಲದೆ ಗುಂಡಿಗೆ ಇಳಿಸಿದ್ದ ಅಂತ ಗೊತ್ತಾದಾಗ. ಒಳಗಿನ ಹೈಡ್ರೋಜನ್ ಸಲ್ಫೈಡ್ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸಬಲ್ಲದು. ರಕ್ಷಣೆ ಇಲ್ಲದೆ ಹೀಗೆ ಮನುಷ್ಯರನ್ನ ಇಳಿಸೋದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಅಪರಾಧ, ಕೆಲಸ ಕೊಟ್ಟ ಅಸೋಸಿಯೇಷನ್ನೂ ಉತ್ತರ ಹೇಳಬೇಕಾಗುತ್ತೆ.

ಗುತ್ತಿಗೆ ರದ್ದಾಗಿದೆ, ಮುಂಗಡ ಇನ್ನೂ ಬಂದಿಲ್ಲ. ಅವನು ಈಗ ಬೇರೆ ಕಡೆ ಕೊಟೇಶನ್ ಕೊಡ್ತಿದ್ದಾನಂತೆ, ಅದಕ್ಕೇ ಇಷ್ಟು ಬರೆದೆ. ಬಿಲ್ ಇಳಿಸ್ತೀನಿ ಅಂದವನನ್ನ ಬ್ಲೋವರ್ ಎಷ್ಟು ಹೊತ್ತು ಓಡಿಸ್ತೀಯ ಅಂತ ಮೊದಲು ಕೇಳಿ. ಕೆಲವು ನೂರು ರೂಪಾಯಿಗೆ ಟಿಡಿಎಸ್ ಮೀಟರ್ ಸಿಗುತ್ತೆ, ನೀರಲ್ಲಿ ಕ್ಲೋರಿನ್ ಎಷ್ಟು ಉಳಿದಿದೆ ಅಂತ ನೋಡೋಕೆ ಹಳ್ಳಿಗಳಲ್ಲಿ ನೀರುಗಂಟಿಗಳು ಇಟ್ಟುಕೊಳ್ಳೋ ಕ್ಲೋರೋಸ್ಕೋಪ್ ಕೂಡ ದುಬಾರಿ ಅಲ್ಲ. ಸ್ಯಾಂಪಲ್ ಮಾತ್ರ ಅವನ ಕೈಗೆ ಕೊಡಬೇಡಿ. ಕೋಲಿಫಾರ್ಮ್‌ಗೆ ಲ್ಯಾಬಿನವರೇ ಕೊಡೋ ಸ್ಟೆರೈಲ್ ಬಾಟಲಿ ತನ್ನಿ, ಒಳಗಿರೋ ಪುಡಿ ತೊಳೆದು ಚೆಲ್ಲಬೇಡಿ, ಅದು ಕ್ಲೋರಿನ್ ಕೆಲಸ ನಿಲ್ಲಿಸೋಕೆ ಹಾಕಿರೋದು. ಫ್ಲಶ್ ಟ್ಯಾಂಕಿಗೆ ಹೋಗೋ ಪೈಪಿನ ನಲ್ಲಿಯಲ್ಲೇ ನೀರು ಹಿಡಿದು, ಐಸ್ ಡಬ್ಬದಲ್ಲಿಟ್ಟು ಅವತ್ತೇ ಲ್ಯಾಬಿಗೆ ಮುಟ್ಟಿಸಿ.